ಒಲೆ ಆರಿದರೆ ನೆಲ ಹೋಯಿತು

ವಿಸ್ಕಾನ್ಸಿನ್, ಮರ ಕಡಿಯುವ ಬಿಡಾರ
20 ಸೆಪ್ಟೆಂಬರ್ 1874

ಡೋರ್ಕಸ್,

ಬಂದು ಸೇರಿದೆ. ಹನ್ನೊಂದು ದಿನ ಹಿಡೀತು. ಅರ್ಧ ದಾರಿ ರೈಲು, ಉಳಿದರ್ಧ ನಿನ್ನ ಗಂಡನ ಕಾಲು. ನೆಬ್ರಾಸ್ಕದ ಬಯಲಲ್ಲಿ ಒಂದು ಮರದ ನೆರಳಿಗೆ ಬಾಯಿ ಬಿಡ್ತಿದ್ದವನಿಗೆ ಇಲ್ಲಿ ಆಕಾಶ ನೋಡೋಕೆ ಕತ್ತು ನೋಯ್ತದೆ, ಅಷ್ಟು ಮರ. ಬಿಡಾರದಲ್ಲಿ ಅರವತ್ತು ಜನ, ಒಂದೇ ಒಲೆ. ಸಂಜೆ ಅರವತ್ತು ಜೊತೆ ಒದ್ದೆ ಕಾಲುಚೀಲ ಅದರ ಸುತ್ತ ನೇತಾಡ್ತವೆ. ಆ ವಾಸನೆ ಬಗ್ಗೆ ಬರೆದ್ರೆ ನೀನು ಕಾಗದಾನೇ ಒಲೆಗೆ ಹಾಕ್ತೀಯ, ಬೇಡ.

ಹೇಳಿದ್ದನ್ನೇ ಹೇಳ್ತಾನೆ ಅಂತ ಬೈಬೇಡ. ಏಪ್ರಿಲ್ ಹದಿನಾಲ್ಕಕ್ಕೆ ಐದು ವರ್ಷ ತುಂಬ್ತದೆ. ಅಲ್ಲೀತನಕ ಮನೇಲಿ ಎಡೆಬಿಡದೆ ವಾಸ ಇದ್ರೆ ನೆಲ ನಮ್ಮದು, ಇಲ್ದಿದ್ರೆ ಇಲ್ಲ. ಅದು ಕಾನೂನು. ಮಿಡತೆ ಬಂದು ಬೆಳೆ ತಿಂತು, ಕುಂಟೆಯ ಮರದ ಹಿಡಿ ತಿಂತು, ನೀನು ಒಣಗಿಹಾಕಿದ್ದ ಹಸಿರು ಲಂಗ ತಿಂತು. ನೆಲ ತಿನ್ನೋಕೆ ಅದರ ಕೈಲಾಗ್ಲಿಲ್ಲ. ನೂರ ಅರವತ್ತು ಎಕರೆ, ಡೋರ್ಕಸ್! ನಮ್ಮಪ್ಪ ಒಹಾಯೋದಲ್ಲಿ ಮೂವತ್ತು ವರ್ಷ ಇನ್ನೊಬ್ಬರ ಹೊಲ ಉತ್ತು ಇನ್ನೊಬ್ಬರ ಹೊಲದ ಮೂಲೇಲೇ ಮಣ್ಣಾದ.

ಬೆಳಿಗ್ಗೆ ಎದ್ದ ತಕ್ಷಣ ಒಲೆ ಹಚ್ಚು. ಹೊಗೆ ದೂರಕ್ಕೆ ಕಾಣಬೇಕು. ಒಲೆ ಆರಿದ ಮನೆ ಹುಡುಕ್ಕೊಂಡು ತಿರುಗೋ ಜನ ಇದಾರೆ. ಒಲೆ ಆರಿದ್ರೆ ನೆಲ ಹೋಯ್ತು ಅಂತಾನೇ ಲೆಕ್ಕ.

ಎಫಿ ಪಾದ ಒಂದು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸು. ನಾಲ್ಕು ವರ್ಷದ ಹುಡುಗಿ ಕಾಲಿಗೆ ಗೋಣಿ ಸುತ್ಕೊಂಡು ಓಡಾಡಿದ್ದು ಸಾಕು. ಇಲ್ಲೊಬ್ಬ ಬೂಟು ಹೊಲಿಯೋನು ಇದಾನೆ.

ಇಲ್ಲಿ ಎಲ್ಲ ಕ್ಷೇಮ.
ಏಸಾ


ನೆಬ್ರಾಸ್ಕ, ನಮ್ಮ ಮನೆ
11 ಅಕ್ಟೋಬರ್ 1874

ನಮ್ಮ ಯಜಮಾನರಿಗೆ,

ಕಾಲುಚೀಲದ ವಾಸನೆ ನೀವು ಬರೆದು ತಿಳಿಸ್ಬೇಕಾ? ಆರು ವರ್ಷ ಸಂಸಾರ ಮಾಡಿದೀನಿ ರೀ.

ಗೆರೆ ಇದರ ಜೊತೆ ಇದೆ. ಇದೊಂದಕ್ಕೆ ಅರ್ಧ ದಿನ ಹೋಯ್ತು. ಪೆನ್ಸಿಲ್ ತಾಗಿದ್ರೆ ಕಚಗುಳಿ ಅಂತ ನಗ್ತಾಳೆ, ಕಾಲು ಎಳ್ಕೋತಾಳೆ. ಮುಗಿದ್ಮೇಲೆ ಒಂದೇ ಅಳು. ಯಾಕೆ ಅಂದ್ರೆ, "ಅಪ್ಪ ನನ್ನ ಕಾಲು ಇಟ್ಕೊಂಡ್ಬಿಟ್ರೆ ನಾನು ಹೇಗಮ್ಮ ನಡೀಲಿ?" ಅಂತಾಳೆ. ಕೊನೆಗೆ ಗೋಡೆಗೆ ಅಂಟಿಸಿರೋ ಪತ್ರಿಕೆ ಹಾಳೆ ಮೇಲೆ ಇನ್ನೊಂದು ಗೆರೆ ಎಳೆಸ್ಕೊಂಡ್ಳು. ಒಂದು ಅಪ್ಪನ ಹತ್ರ ಹೋಗ್ಲಿ, ಒಂದು ಮನೇಲಿರ್ಲಿ ಅಂತೆ. ನಿಮ್ಮ ಮಗಳೇ, ಸಂದೇಹ ಬೇಡ.

ಪೆಟಿಟ್‌ಗೆ ಆದದ್ದು ಕೇಳಿ. ತೆಂಕಲ ಕಡೆ ಒಬ್ಬನೇ ಇರ್ತಿದ್ನಲ್ಲ, ಹಲ್ಲು ನೋವು ಅಂತ ಪಟ್ಟಣಕ್ಕೆ ಹೋಗಿ ಹನ್ನೆರಡು ದಿನ ಉಳಿದ. ವಾಪಸ್ ಬಂದ್ರೆ ಅವನ ಮನೇಲಿ, ಅವನ ಬಾಣಲೇಲೇ ಇನ್ನೊಬ್ಬ ಹಂದಿಮಾಂಸ ಹುರೀತಿದಾನೆ! ಬೂದು ಟೋಪಿಯವನು. ಮನೆ ಖಾಲಿ ಇತ್ತು, ಬಿಟ್ಟು ಹೋದೆ ಅಂದ್ಕೊಂಡೆ ಅಂದ್ನಂತೆ. ಪೆಟಿಟ್ ಈಗ ದಾವೆ ಹಾಕೋಕೆ ಅಲೀತಿದಾನೆ. ಹಲ್ಲೂ ಹೋಯ್ತು, ನೆಲಾನೂ ಹೋಯ್ತು.

ಮಿಡತೆಯಿಂದ ಕೆಟ್ಟವರಿಗೆ ಪಟ್ಟಣದಲ್ಲಿ ಹಿಟ್ಟು, ಕೋಟು ಕೊಡ್ತಿದಾರೆ. ನಾಲ್ಕು ಜನರ ಮುಂದೆ ನಿಂತು ನನ್ನ ಹತ್ರ ಏನೂ ಇಲ್ಲ ಅಂತ ಆಣೆ ಇಡ್ಬೇಕು. ಪಕ್ಕದ ವಾವ್ರಾ ಹೆಂಡತಿ ಹೋಗಿ ತಂದ್ಳು. ನೀನೂ ಬಾ ಅಂದ್ಳು. ನಮಗಿಂತ ಕಷ್ಟದಲ್ಲಿರೋರು ಇದಾರೆ ಕಣಮ್ಮ ಅಂದೆ. ಅವಳಿಗೆ ನಮ್ಮ ಭಾಷೆ ಅಷ್ಟಕ್ಕಷ್ಟೇ. ನನ್ನ ಹಿಟ್ಟಿನ ಡಬ್ಬಿ ತೆಗೆದು ನೋಡಿ ಸುಮ್ನೆ ಮುಚ್ಚಿದ್ಳು.

ಇಲ್ಲಿ ಎಲ್ಲ ಕ್ಷೇಮ.
ಡೋರ್ಕಸ್


ವಿಸ್ಕಾನ್ಸಿನ್
29 ನವೆಂಬರ್ 1874

ಡೋರ್ಕಸ್,

ಆಣೆ ಇಡೋಕೆ ಹೋಗ್ಲಿಲ್ಲ ಅಂತ ಓದಿ ಎದೆ ಉಬ್ಬಿತು. ಕೈ ಚಾಚಿ ತಿನ್ನೋದಿದ್ರೆ ಒಹಾಯೋದಲ್ಲೇ ಇರಬಹುದಿತ್ತು.

ನನ್ನನ್ನ ಕಾಡಿಂದ ಮರ ಕೊಯ್ಯೋ ಕಾರ್ಖಾನೆಗೆ ಹಾಕಿದಾರೆ. ಕೂಲಿ ಜಾಸ್ತಿ. ಗರಗಸ ಅಂದ್ರೆ ನಮ್ಮ ಬಾವಿ ಬಾಯಷ್ಟು ಅಗಲ, ತಿರುಗೋಕೆ ಶುರುವಾದ್ರೆ ಪಕ್ಕದವನು ಕೂಗಿದ್ದೂ ಕೇಳಲ್ಲ. ನನಗೆ ಭಯ ಇಲ್ಲ. ಸಂಜೆ ಎಫಿಗೆ ಗೊಂಬೆ ಕೆತ್ತುತಿದೀನಿ. ಮುಖ ಆಯ್ತು. ನಿನ್ನ ಮೂಗು ಇಟ್ಟಿದೀನಿ, ಕೋಪಾನೂ ಅದರಲ್ಲೇ ಬಂದುಬಿಡ್ತು.

ಒಂದೊಂದ್ಸಲ ಸಾಕಪ್ಪ ಅನ್ನಿಸ್ತದೆ. ಆಗ ನಾವು ಹೊರಟ ದಿನ ನೆನೆಸ್ಕೋತೀನಿ. ನಿಮ್ಮಮ್ಮನ ಮುಂದೆ ನೀನು ಅಂದ್ಯಲ್ಲ, "ಸ್ವಂತ ನೆಲದ ಕಾಗದ ಕೈಲಿಲ್ದೆ ಈ ಹೊಸಿಲು ತುಳಿಯಲ್ಲ" ಅಂತ. ಆ ಮಾತು ನಿನಗೆ ಉಳಿಸಿ ಕೊಡ್ಬೇಕು. ಬೇರೆ ಇನ್ನೇನೂ ಕೊಟ್ಟಿಲ್ಲ ನಿನಗೆ ನಾನು.

ಇಲ್ಲಿ ಎಲ್ಲ ಕ್ಷೇಮ.
ಏಸಾ


ನೆಬ್ರಾಸ್ಕ
20 ಡಿಸೆಂಬರ್ 1874

ಯಜಮಾನರಿಗೆ,

ನನ್ನ ಮೂಗಿನ ತಂಟೆಗೆ ಬರಬೇಡಿ. ನಿಮ್ಮ ಕಿವಿ ಇಡಿ ಆ ಗೊಂಬೆಗೆ, ಚಳಿಗೆ ಮುಚ್ಕೊಳ್ಳೋಕೆ ಆಗುತ್ತೆ.

ಹಿಮ ಬಾಗಿಲ ಅರ್ಧಕ್ಕಿದೆ. ಸೌದೆ ಎಲ್ಲಿಂದ ಬರಬೇಕು, ಒಣಹುಲ್ಲನ್ನ ಸಿಂಬಿ ಸುತ್ತಿ ಸುತ್ತಿ ಒಲೆಗೆ ಹಾಕ್ತೀನಿ. ಒಂದು ಸಿಂಬಿ ಉರಿದು ಮುಗಿಯೋದ್ರೊಳಗೆ ಇನ್ನೊಂದು ಸುತ್ತಿರಬೇಕು. ಎಫಿನೂ ಸುತ್ತುತಾಳೆ, ಅವಳದ್ದು ಬೆರಳುದ್ದ.

ಅವಳಿಗೆ ಸ್ವಲ್ಪ ಕೆಮ್ಮು. ವಾವ್ರಾ ನೋಡಿ, ಬಂಡಿ ಕಟ್ತೀನಿ, ಪಟ್ಟಣದ ಡಾಕ್ಟರಿಗೆ ತೋರ್ಸೋಣ ಅಂದ. ಮೂವತ್ತು ಮೈಲಿ. ಹೋಗಿ ಬರೋದ್ರಲ್ಲಿ ವಾರ ಆಗುತ್ತೆ. ಮೊನ್ನೆ ತಾನೇ ಆ ಬೂದು ಟೋಪಿಯವನು ನಮ್ಮ ಗಡಿ ಗೂಟದ ಹತ್ರ ಕುದುರೆ ನಿಲ್ಸಿ ಮನೆ ಕಡೇನೇ ನೋಡ್ತಿದ್ದ. ನಾನು ಎರಡು ಸಿಂಬಿ ಒಟ್ಟಿಗೆ ತುರುಕಿದೆ. ಹೊಗೆ ನೋಡಿ ಹೋದ.

ನನ್ನ ಹೆಂಡತಿ ಬಂದು ನಿಮ್ಮ ಒಲೆ ಕಾಯ್ತಾಳೆ ಅಂತಾನೂ ಅಂದ ವಾವ್ರಾ. ಅವಳು ಸೆಪ್ಟೆಂಬರಲ್ಲಿ ನಮ್ಮ ಹುಲ್ಲು ಕೊಯ್ಯೋಕೆ ಮೂರು ದಿನ ಮುಯ್ಯಾಳು ಬಂದಿದ್ಳು. ಅದಕ್ಕೇ ನಾನಿನ್ನೂ ಹೋಗಿ ಮುಯ್ಯಿ ತೀರಿಸಿಲ್ಲ. ಅದರ ಮೇಲೆ ಇನ್ನೊಂದು ಹೊರೆ ಹೇಗೆ ಹೊತ್ಕೊಳ್ಳಿ? ತೀರ್ಸೋಕಾಗದ ಉಪಕಾರ ತಗೋಬಾರ್ದು ಅಂತ ನೀವೇ ತಾನೇ ಅನ್ನೋದು. ಬೇಡ ಅಂದೆ. ಒಮಾಹದಿಂದ ನಮ್ಮಕ್ಕ ಬರೆದಿದ್ಳು, ಮಗೂನ ಕರ್ಕೊಂಡು ಚಳಿಗಾಲ ಇಲ್ಲಿ ಬಂದಿರು, ಬೀದಿ ಕೊನೇಲೇ ಡಾಕ್ಟರು ಅಂತ. ಪಾಪ, ಅವಳಿಗೇನು ಗೊತ್ತು ಕಾನೂನು.

ಏನು ಮಾಡ್ಲಿ, ನೀವೇ ಬರೀರಿ. ನೀವು ಹೂಂ ಅಂದ್ರೆ ಒಮಾಹಕ್ಕೆ ಹೋಗ್ತೀನಿ.

ಉಳಿದದ್ದೆಲ್ಲ ಕ್ಷೇಮ.
ಡೋರ್ಕಸ್


ವಿಸ್ಕಾನ್ಸಿನ್
10 ಜನವರಿ 1875

ಡೋರ್ಕಸ್,

ಅಕ್ಷರ ವಕ್ರ. ಕೈ ಮರಗಟ್ಟೋ ಚಳಿ. ಗೊಂಬೆ ಅರ್ಧಕ್ಕೆ ನಿಂತಿದೆ.

ಕೆಮ್ಮಿಗೆ ಈರುಳ್ಳಿ ಬೇಯಿಸಿ ಎದೆಗೆ ಕಟ್ಟು. ಮಕ್ಕಳ ಕೆಮ್ಮು ಬಿಸಿಲು ಬಂದ್ರೆ ಹೋಗ್ತದೆ. ಮನೆ ಬಿಡಬೇಡ. ಒಮಾಹದ ಮಾತು ಬೇಡ. ಇನ್ನು ಮೂರೇ ತಿಂಗಳು. ಹಲ್ಲು ಕಚ್ಕೊಂಡಿರು.

ಎಫಿ ಪಾದ ಬೆಳೆದಿರ್ತದೆ. ಹೊಸ ಗೆರೆ ಕಳಿಸು.

ಇಲ್ಲಿ ಎಲ್ಲ ಕ್ಷೇಮ.
ಏಸಾ


ನೆಬ್ರಾಸ್ಕ
21 ಫೆಬ್ರವರಿ 1875

ಏನ್ರೀ ಅದು ಅಕ್ಷರ? ಒಂದು ಸಾಲು ಗುಡ್ಡ ಹತ್ತುತ್ತೆ, ಇನ್ನೊಂದು ಹಳ್ಳಕ್ಕೆ ಬೀಳುತ್ತೆ. ಚಳಿ ಅಂತೆ, ಚಳಿ! ನಮ್ಮಣ್ಣ ಕುಡಿದು ಬರೀತಿದ್ದ ಕಾಗದ ನಾನು ನೋಡಿಲ್ವ? ಮದುವೆ ದಿನ ಬೈಬಲ್ ಮುಟ್ಟಿ ಇನ್ನು ಹೆಂಡ ಮುಟ್ಟಲ್ಲ ಅಂದೋರು ನೀವು. ಇಲ್ಲಿ ನಾನು ಹುಲ್ಲು ಸುತ್ತಿ ಸುತ್ತಿ ಅಂಗೈ ಕಿತ್ತು ಹೋಗಿದೆ, ನೀವಲ್ಲಿ ಕುಡ್ಕೊಂಡು ಕೂತು "ಹಲ್ಲು ಕಚ್ಕೊಂಡಿರು" ಅಂತ ಬುದ್ಧಿ ಹೇಳ್ತೀರಿ. ಬಾಯಿಗೆ ಬಂದದ್ದು ಬರೀತಿದೀನಿ. ಯಾರ ಮೇಲಾದ್ರೂ ರೇಗಬೇಕು ನನಗೆ.

ಬಂಡಿಯ ಪಕ್ಕದ ಹಲಗೆ ಎರಡೂ ಇಲ್ಲ. ಹುಲ್ಲು ಸಾಲದೆ ಒಲೆಗೆ ಹಾಕಿದೆ ಅಂತ ತಿಳ್ಕೊಳ್ಳಿ.

ಕೆಮ್ಮು ಈಗಿಲ್ಲ.

ನೀವು ಕೇಳಿದ ಗೆರೆ ಇದರ ಜೊತೆ ಇದೆ. ಇಲ್ಲಿ ಎಲ್ಲ ಕ್ಷೇಮ.
ಡೋರ್ಕಸ್


ವಿಸ್ಕಾನ್ಸಿನ್
12 ಮಾರ್ಚ್ 1875

ಡೋರ್ಕಸ್,

ನೀನು ಬೈದದ್ದು ಸರಿ. ಕುಡಿದಿದ್ದೆ. ಇನ್ನು ಮುಟ್ಟಲ್ಲ, ಕ್ಷಮಿಸು. ಈ ಅಕ್ಷರಾನೂ ಸೊಟ್ಟ ಇದೆ, ಆದ್ರೆ ಇವತ್ತು ಕುಡಿದಿಲ್ಲ, ಮಂಡಿ ಮೇಲಿಟ್ಟು ಬರೀತಿದೀನಿ ಅಷ್ಟೇ.

ಕೆಮ್ಮು ಹೋಯ್ತಲ್ಲ! ಬಿಡಾರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ನಾನೇ ಹೇಳಿರ್ಲಿಲ್ವ? ಆದ್ರೆ ಎರಡು ಗೆರೆನೂ ಒಂದರ ಮೇಲೊಂದಿಟ್ಟು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಒಂದೆಳೆಯಷ್ಟೂ ಬೆಳೆದಿಲ್ಲವಲ್ಲೇ ಹುಡುಗಿ! ಅವಳ ಪಾಲಿನ ಗಂಜಿ ನೀನೇ ಕುಡೀತಿದೀಯೇನು? ನಾನಂತೂ ಒಂದು ಬೆರಳು ದೊಡ್ಡದೇ ಹೊಲಿಸಿದೆ. ಕಂದು ತೊಗಲು, ಕೆಂಪು ದಾರ. ಬೆಳೆಯೋ ಕಾಲು.

ಬಂಡಿ ಹಲಗೆ ಸುಟ್ಟದ್ದು ಮಾತ್ರ ಸರಿಯಲ್ಲ. ಇರ್ಲಿ, ಬಂದು ನೋಡೋಣ.

ಏಪ್ರಿಲ್ ಹದಿನಾಲ್ಕಕ್ಕೆ ನೇರ ಪಟ್ಟಣದ ಜಮೀನು ಕಚೇರಿಗೆ ಬರ್ತೀನಿ. ಸಾಕ್ಷಿಗೆ ವಾವ್ರಾನೂ ಪೆಟಿಟ್‌ನೂ ಕರ್ಕೊಂಡು ಬಾ. ಎಫಿನ ಬಿಟ್ಟು ಬರಬೇಡ. ಕಚೇರಿ ಮೆಟ್ಟಿಲ ಮೇಲೆ ಕೂರಿಸಿ ನಾನೇ ಬೂಟು ಹಾಕ್ಬೇಕು.

ಎಲ್ಲ ಕ್ಷೇಮ.
ಏಸಾ


ನೆಬ್ರಾಸ್ಕ
27 ಮಾರ್ಚ್ 1875

ನಿಮ್ಮ ಕಾಗದ ಬಂತು. ಕಚೇರಿ ಮೆಟ್ಟಿಲ ಮೇಲೆ ನೀವು ಬೂಟು ಹಿಡ್ಕೊಂಡು ನಿಂತಿರೋದು ಕಣ್ಮುಂದೆ ಬಂದು ಇದನ್ನ ಬರೀತಿದೀನಿ. ಕೂತು ಓದಿ.

ಎಫಿ ಇಲ್ಲ. ಫೆಬ್ರವರಿ ಎರಡನೇ ತಾರೀಕು ಬೆಳಿಗ್ಗೆ ಹೋದಳು. ಗಂಟಲು ಕಟ್ಟಿ ಉಸಿರಾಡೋಕಾಗ್ಲಿಲ್ಲ. ನೀವು ಬೆಳಕಿಗೆ ಹಿಡಿದ ಎರಡನೇ ಗೆರೆ ಗೋಡೆ ಮೇಲಿದ್ದ ಆ ಹಳೇ ಗೆರೇದು. ಅದರ ಮೇಲೆ ಕಾಗದ ಇಟ್ಟು ಎಳೆದೆ. ಬಂಡಿ ಹಲಗೇಲಿ ವಾವ್ರಾ ಪೆಟ್ಟಿಗೆ ಮಾಡಿಕೊಟ್ಟ. ಬಾವಿ ಆಚೆ ದಿಣ್ಣೇಲಿ ನೆಲ ಕಲ್ಲಾಗಿತ್ತು, ಕೊಡಲೀಲಿ ಕಡಿದ. ನನ್ನ ಕಣ್ಣಲ್ಲಿ ನೀರು ಬರ್ಲಿಲ್ಲ, ಅವನು ಬಿಕ್ಕಿ ಬಿಕ್ಕಿ ಅತ್ತ.

ಇದೂ ತಿಳ್ಕೊಳ್ಳಿ. ಜನವರಿ ಇಪ್ಪತ್ತೆಂಟಕ್ಕೆ ಅವಳಿಗೆ ಜೋರಾಯ್ತು. ನೆಲ ಹಾಳಾಗ್ಲಿ ಅಂತ ಹೊರಟೇಬಿಟ್ಟಿದ್ದೆ ರೀ. ವಾವ್ರಾ ಬಂಡಿ ತಂದ, ಅವಳನ್ನ ಕಂಬಳೀಲಿ ಸುತ್ತಿ ಮಲಗಿಸಿದೆ. ಆಗ ಅವನು ಅಂಚೆಯಿಂದ ತಂದಿದ್ದ ನಿಮ್ಮ ಕಾಗದ ಜೇಬಿಂದ ತೆಗೆದು ಕೊಟ್ಟ. "ಮನೆ ಬಿಡಬೇಡ. ಒಮಾಹದ ಮಾತು ಬೇಡ." ಓದಿದೆ. ಅವಳನ್ನ ಇಳಿಸ್ಕೊಂಡು ಒಳಗೆ ಬಂದೆ. ಒಲೆಗೆ ಹುಲ್ಲು ಹಾಕಿದೆ.

ಅವಳು ಹೋಗಿ ಹನ್ನೆರಡು ದಿನ ಆದ್ಮೇಲೆ ವಾವ್ರಾ ಪಟ್ಟಣದಿಂದ ಹಳೇ ಪತ್ರಿಕೆ ತಂದ. ಮಿಡತೆಗೆ ತುತ್ತಾದ ಜಿಲ್ಲೆಯವರು ಜುಲೈ ತನಕ ಮನೆ ಬಿಟ್ಟು ಎಲ್ಲಿ ಬೇಕಾದ್ರೂ ಹೋಗಬಹುದು, ನೆಲದ ಹಕ್ಕು ಹೋಗಲ್ಲ ಅಂತ ಡಿಸೆಂಬರಲ್ಲೇ ಕಾನೂನು ಆಗಿದೆಯಂತೆ. ನಿಮಗೆ ಪಾಪ ಆ ಕಾಡಲ್ಲಿ ಗೊತ್ತಾಗೋದು ಹೇಗೆ. ಗೊತ್ತಿದ್ರೆ ಬರೀತಿದ್ರಿ.

ಅಮ್ಮನ ಮುಂದೆ ಆ ಮಾತಂದದ್ದು, ಅವಳು ನಿಮ್ಮನ್ನ ಕೂಲಿ ಮಗ ಅಂದಳು ಅನ್ನೋ ಸಿಟ್ಟಿಗೆ. ಮಿಡತೆ ಬಂದ ದಿನಾನೇ ನನಗೆ ಈ ನೆಲ ಸಾಕಾಗಿತ್ತು. ನಿಮ್ಮ ಆಸೆ ಅಂತ ಇದ್ದೆ.

ಡೋರ್ಕಸ್


ವಿಸ್ಕಾನ್ಸಿನ್
30 ಮಾರ್ಚ್ 1875

ಡೋರ್ಕಸ್,

ನಾಳೆ ಹೊರಡ್ತೀನಿ. ದಾರೀಲಿ ಒಂದೆರಡು ಕಡೆ ಕೆಲಸ ಕೇಳ್ಕೊಂಡು ಬರ್ತೀನಿ, ಇಲ್ಲಿಗೆ ಇನ್ನು ಬರೀಬೇಡ. ಮುಖಾಮುಖಿ ಹೇಳೋ ಧೈರ್ಯ ಇಲ್ಲ, ಅದಕ್ಕೆ ಕಾಗದ.

ನಾನು ಕುಡಿದಿರ್ಲಿಲ್ಲ. ಡಿಸೆಂಬರ್ ಇಪ್ಪತ್ತೆಂಟಕ್ಕೆ ಗರಗಸ ಬಲಗೈ ತಗೊಂಡು ಹೋಯ್ತು, ಮಣಿಕಟ್ಟಿನ ತನಕ. ಎಡಗೈಲಿ ಬರೆದೆ. ಕುಡುಕ ಅಂದ್ಯಲ್ಲ, ಎಷ್ಟೋ ಸಮಾಧಾನ ಆಯ್ತು. ಕುಡುಕನಾದ್ರೆ ಬಿಡಿಸಬಹುದು.

ಇನ್ನೊಂದಿದೆ. ಹಾಸಿಗೇಲಿ ಬಿದ್ದಿದ್ದಾಗ ಗುಮಾಸ್ತ ಪತ್ರಿಕೆ ಓದಿ ಹೇಳಿದ. ಮಿಡತೆ ಜಿಲ್ಲೆಯವರು ಜುಲೈ ತನಕ ಮನೆ ಬಿಡಬಹುದಂತೆ, ಹಕ್ಕು ಹೋಗಲ್ವಂತೆ. ಅದು ಜನವರಿ ಮೂರು. ನಿನಗೆ ಬರೀಲಿಲ್ಲ. ಬರೆದ್ರೆ ನೀನು ಎಫಿನ ಎತ್ಕೊಂಡು ನೇರ ಇಲ್ಲಿಗೇ ಬಂದುಬಿಡ್ತೀಯ, ಈ ಮೋಟುಗೈ ನೋಡ್ತೀಯ, ಒಂಟಿಗೈಯವನಿಗೆ ನೇಗಿಲು ಹಿಡಿಯೋಕಾಗಲ್ಲ ಅಂತ ನೆಲ ಬಿಟ್ಟುಕೊಡ್ತೀಯ ಅನ್ನಿಸ್ತು. ಮೂರು ತಿಂಗಳು ತಾನೇ, ಕಳೆದುಹೋಗ್ಲಿ ಅಂದ್ಕೊಂಡೆ. ಮಗೂಗೆ ಕೆಮ್ಮು ಇಟ್ಕೊಂಡು ಒಬ್ಬಳೇ ಒದ್ದಾಡೋ ಹಾಗೆ ಮಾಡಿದೆ. ದೇವರು ದೊಡ್ಡವನು, ಅವಳು ಉಳಿದಳು. ಇಲ್ದಿದ್ರೆ ನಾನು ಈ ಮುಖ ಎಲ್ಲಿಟ್ಕೋತಿದ್ದೆ?

ನಿಜ ಹೇಳ್ತೀನಿ, ಆ ನೆಲದ ಆಸೆ ನನಗೆ ಯಾವತ್ತೋ ಸತ್ತಿದೆ. ನೀನು ನಿಮ್ಮಮ್ಮನಿಗೆ ಕೊಟ್ಟ ಮಾತು ಇತ್ತಲ್ಲ, ಅದಕ್ಕೆ.

ಬೂಟು ಕೊರಳಿಗೆ ಕಟ್ಕೊಂಡು ಬರ್ತೀನಿ, ಕಳೀಬಾರ್ದು ಅಂತ.
ಏಸಾ


ನೆಬ್ರಾಸ್ಕ
9 ಮೇ 1875

ಏಸಾ,

ನೀವು ಎಲ್ಲಿದೀರೋ ಗೊತ್ತಿಲ್ಲ. ಕೈ ಇಲ್ಲದವನನ್ನ ಬಿಡಾರದ ಅಡುಗೆ ಮನೇಲಾದ್ರೂ ಇಟ್ಕೊಂಡಿರ್ತಾರೆ ಅಂತ ಅಲ್ಲಿಗೇ ಬರೀತಿದೀನಿ.

ಕೈ ಹೋದದ್ದು ಬರೆದಿದ್ದ ನಿಮ್ಮ ಕಾಗದ ನಾನು ಕಚೇರಿಗೆ ಹೊರಡೋ ಹಿಂದಿನ ದಿನ ಸಿಕ್ಕಿತು. ಕುಡುಕ ಅಂದ ಈ ನಾಲಿಗೆ ಸೀಳಬೇಕು. ನನ್ನ ಕಾಗದಾನೂ ನಿಮಗೆ ಸಿಕ್ಕಿದೆ, ನಿಮಗೂ ಎಲ್ಲ ಗೊತ್ತಿದೆ ಅಂದ್ಕೊಂಡೇ ಕಚೇರಿಗೆ ಬಂದೆ. ನಿಮ್ಮ ಕೊರಳಲ್ಲಿ ಆ ಬೂಟು ನೋಡಿದಾಗ ನಿಮಗೆ ಗೊತ್ತಿಲ್ಲ ಅಂತ ತಿಳೀತು. ಗೊತ್ತಿದ್ದವನು ಅದನ್ನ ಹಾಗೆ ಹಾಕ್ಕೊಂಡು ನಿಲ್ಲಲ್ಲ. ಹೇಳೋಣ ಅಂದ್ರೆ ಅಷ್ಟರಲ್ಲಿ ನಮ್ಮ ಹೆಸರು ಕೂಗಿದ್ರು. ನೀವು ಮೋಟುಗೈ ಕೋಟಿನ ಜೇಬಲ್ಲಿಟ್ಕೊಂಡು ಗುಮಾಸ್ತನ ಮುಂದೆ ನಿಂತ್ರಿ. ಎಷ್ಟು ಎಕರೆ ಉತ್ತಿದೀರಿ ಅಂದ, ಹೇಳಿದ್ರಿ. ಮನೇಲಿ ಯಾರ್ಯಾರು ವಾಸ ಅಂದ. "ನನ್ನ ಹೆಂಡತಿ, ಒಬ್ಬಳು ಮಗಳು" ಅಂದ್ರಿ. ನಗ್ತಾ ಅಂದ್ರಿ. ವಾವ್ರಾ ಟೋಪಿ ತೆಗೆದ. ಗುಮಾಸ್ತ ಬರ್ಕೊಂಡ. ಸುಳ್ಳು ಅಂತ ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆ ಒಂದು ಕಾಗದದ ಮೇಲಾದ್ರೂ ಅವಳು ಇರ್ಲಿ ಅನ್ನಿಸ್ತು.

ಮೆಟ್ಟಿಲ ಮೇಲೆ ನೀವು ಬಂಡಿ ಕಡೆ ನೋಡಿ "ಎಲ್ಲಿ, ಮಲಗಿದಾಳಾ?" ಅಂದ್ರಿ. ಹೇಳಿದೆ. ಯಾವತ್ತು ಅಂದ್ರಿ. ಫೆಬ್ರವರಿ ಎರಡು ಅಂದೆ. ಉಳಿದ ಕೈಯ ಬೆರಳು ಮಡಿಸಿ ಮಡಿಸಿ ಜನವರಿ ಮೂರರಿಂದ ಎಣಿಸಿದ್ರಿ, ನಾನು ನೋಡ್ತಿದ್ದೆ. ಮೂವತ್ತಕ್ಕೆ ನಿಂತ್ರಿ. ಬೂಟು ನನ್ನ ಮಡಿಲಲ್ಲಿಟ್ಟು ರೈಲಿನ ಕಡೆ ನಡೆದುಬಿಟ್ರಿ. ಕೂಗಬೇಕಿತ್ತು ನಾನು.

ನೆಲ ನಮ್ಮದಾಯ್ತು. ಕಾಗದ ಹಿಟ್ಟಿನ ಡಬ್ಬೀಲಿದೆ, ಅಲ್ಲಿ ಜಾಗ ಇದೆ. ಕಳೆದ ವರ್ಷ ಮಿಡತೆ ಮಣ್ಣಲ್ಲಿಟ್ಟು ಹೋದ ಮೊಟ್ಟೆ ಈ ವಾರ ಒಡೆದಿದೆ. ಬಾಗಿಲು ತೆಗೆದ್ರೆ ಹೊಸಿಲ ಮೇಲೆಲ್ಲ ಮರಿ. ವಾವ್ರಾನವರು ಬಿಟ್ಟು ಹೋಗ್ತಿದಾರೆ. ನಮ್ಮ ಜೊತೆ ಬಾ ಅಂದ್ಳು ಅವನ ಹೆಂಡತಿ. ದಿಣ್ಣೆ ಮೇಲೆ ಮಗು ಬಿಟ್ಟು ಎಲ್ಲಿಗೆ ಹೋಗ್ಲಿ? ಬೂದು ಟೋಪಿಯವನು ಈಗ ಆ ಕಡೆ ಹೋಗೋವಾಗ ಟೋಪಿ ಎತ್ತಿ ನಮಸ್ಕಾರ ಹೇಳ್ತಾನೆ. ನೆಲದ ಒಡತಿ ಅಲ್ವ ನಾನು. ಇನ್ನು ಹೊಗೆ ಕಾಣಿಸ್ಬೇಕು ಅಂತ ಯಾವ ಕಾನೂನೂ ಇಲ್ಲ, ಆದ್ರೂ ಬೆಳಿಗ್ಗೆ ಎದ್ದ ತಕ್ಷಣ ಒಲೆ ಹಚ್ತೀನಿ.

ನಾನು ಮಾರ್ಚಲ್ಲಿ ಬರೆದಿದ್ದ ಕಾಗದ ನಿಮಗೆ ಸಿಗದೆ, ಮೊಹರು ಒಡೆಯದೆ ಹಾಗೇ ವಾಪಸ್ ಬಂತು. ನಿಮಗೆ ಕಳಿಸೋಣ ಅಂತ ಮತ್ತೊಮ್ಮೆ ಓದಿ ನೋಡಿದೆ. ಬಂಡಿ, ಕಂಬಳಿ, ಏನೇನೋ ಬರೆದಿದ್ದೆ. ಒಲೆಗೆ ಹಾಕಿದೆ. ಅದರಲ್ಲಿ ನಿಮಗೆ ಗೊತ್ತಿಲ್ಲದ್ದು ಏನೂ ಇರ್ಲಿಲ್ಲ.

ಇಲ್ಲಿ ಎಲ್ಲ ಕ್ಷೇಮ.
ಡೋರ್ಕಸ್